ಮೇಷ್ಟ್ರ ಜಾರುಬಂಡೆ

ಮೇಷ್ಟ್ರಿಗೆ ಅಸಹ್ಯವಾಗದ ವಸ್ತು ಭೂಮಿಯ ಮೇಲೆ ಹುಡುಕಿದರೂ ಸಿಗುತ್ತಿರಲಿಲ್ಲ. ಹೋಟೆಲಿನ ಊಟದ ಹಾಲ್‌ನಲ್ಲಿ ಸಂಜೆ ಪಿಯಾನೋ ಮುಂದೆ ಕೂರುವ ಮೊದಲು ಜೇಬಿನಿಂದ ಬಿಳಿ ಬಟ್ಟೆ ತೆಗೆದು ಒಂದೊಂದೇ ಕೀಯನ್ನು ಒರೆಸುತ್ತಿದ್ದರು. ಹಗಲು ಹೊತ್ತಿನಲ್ಲಿ ಯಾರದೋ ಮಗು ಜಾಮ್ ಮೆತ್ತಿದ ಕೈಯಿಂದ ಬಡಿದು ಹೋಗಿರುತ್ತಿತ್ತು. ಮುಚ್ಚಳದ ತುಂಬ ಲೋಟ ಇಟ್ಟ ಕಲೆ. ಒಮ್ಮೆ ಒಳಗಿನ ತಂತಿಗಳ ಸಂದಿಯಲ್ಲಿ ಚೀಪಿ ಎಸೆದ ಕೋಳಿ ಮೂಳೆ ಸಿಕ್ಕಿತ್ತು. "ಥೂ, ಇವರೇನು ಮನುಷ್ಯರಾ!" ಎಂದು ಅದನ್ನು ಕಾಗದದಲ್ಲಿ ಹಿಡಿದುಕೊಂಡು ಹೋಗಿ ಮ್ಯಾನೇಜರನ ಮೇಜಿನ ಮೇಲೆ, ಅವನ ಕಾಫಿ ಪಕ್ಕದಲ್ಲೇ ಇಟ್ಟು ಬಂದಿದ್ದರು. ಬ್ಯಾಂಡಿನವರು ಅವರನ್ನು ಎದುರಿಗೆ ಮೇಷ್ಟ್ರು ಅನ್ನುತ್ತಿದ್ದರು, ಬೆನ್ನ ಹಿಂದೆ ಹುಳಿಮೋರೆ ಅನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು.

ಅವರ ಅಪ್ಪ ಮರದ ಸಾಮಾನಿಗೆ ಪಾಲಿಶ್ ಹಾಕುವ ಕೆಲಸ ಮಾಡುತ್ತಿದ್ದರು. ಬೀದಿಗೆ ತೆರೆದುಕೊಂಡ ಒಂದು ಉದ್ದನೆಯ ಶೆಡ್ಡು, ಸ್ಪಿರಿಟ್ಟಿನ ವಾಸನೆ, ಗೋಡೆಗೆ ಒರಗಿಸಿದ ಬೀರು ಬಾಗಿಲುಗಳು. ಶ್ರೀಮಂತರ ಮನೆಯ ಪಿಯಾನೋಗಳೂ ಅಲ್ಲಿಗೆ ಬರುತ್ತಿದ್ದವು, ಬಂದರೆ ವಾರಗಟ್ಟಲೆ ಬಿದ್ದಿರುತ್ತಿದ್ದವು. ಮೇಷ್ಟ್ರು ಕಲಿತದ್ದು ಅವುಗಳ ಮೇಲೆ. ಹೀಗಾಗಿ ಒಂದೇ ವಾದ್ಯದ ಮೇಲೆ ಕಲಿಯುವ ಯೋಗ ಅವರಿಗೆ ಬರಲಿಲ್ಲ; ಒಂದು ಹಾಡು ಅರ್ಧ ಕೈಗೆ ಬರುವಷ್ಟರಲ್ಲಿ ಪಿಯಾನೋದವರು ಗಾಡಿ ತಂದು ಹೊತ್ತುಕೊಂಡು ಹೋಗುತ್ತಿದ್ದರು. "ಬಿಡೋ, ಇನ್ನೊಂದು ಬರುತ್ತೆ" ಎಂದು ಅಪ್ಪ ಸಮಾಧಾನ ಹೇಳುತ್ತಿದ್ದರು. ಅರ್ಧ ಕಲಿತ ಹಾಡಿಗೆ ಬಾಲವನ್ನು ತಾನೇ ಕಟ್ಟಿ ಮುಗಿಸುವ ಅಭ್ಯಾಸ ಹುಡುಗನಿಗೆ ಅಂಟಿಕೊಂಡದ್ದು ಆಗಲೇ.

ಶೆಡ್ಡಿನ ಮೂಲೆಯಲ್ಲಿ ಒಂದು ರೇಡಿಯೋ ಇತ್ತು. ಸಂಜೆಯ ಹೊತ್ತು ಗುಂಡಿ ತಿರುಗಿಸುತ್ತ ಹೋದರೆ ಎಲ್ಲೋ ಕಡಲಾಚೆಯಿಂದ ಜಾಜ್ ಬರುತ್ತಿತ್ತು, ಅದರ ಪಕ್ಕದಲ್ಲೇ ಲ್ಯಾಟಿನ್ ಕುಣಿತದ ಸಂಗೀತ. ರುಂಬಾ, ಮಾಂಬೋ, ಬೊಲೆರೋ ಎಂಬ ಹೆಸರೆಲ್ಲ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗ ತಲೆಗೆ ಹೊಕ್ಕಿದ್ದು ಇಷ್ಟೇ: ಆ ಜನ ಪಿಯಾನೋವನ್ನು ಡೋಲು ಬಾರಿಸಿದ ಹಾಗೆ ಬಾರಿಸುತ್ತಾರೆ. ಎಡಗೈ ಒಂದೇ ತುಂಡನ್ನು ಹಟ ಹಿಡಿದು ತಿರುಗಿಸುತ್ತಲೇ ಇರುತ್ತದೆ, ಬಲಗೈ ಮನೆ ಬಿಟ್ಟವನಂತೆ ಎಲ್ಲೆಲ್ಲೋ ಅಲೆಯುತ್ತದೆ, ಆದರೂ ಎರಡೂ ಒಂದೇ ಹೊತ್ತಿಗೆ ಮನೆ ಸೇರುತ್ತವೆ. ಹುಡುಗನಿಗೆ ಹುಚ್ಚು ಹಿಡಿಯಿತು. ಜಾಜಿನ ಮೇಲೆ ಆ ತಾಳವನ್ನು ಹೂಡುವುದೇ ಮುಂದೆ ಅವರ ಹೊಟ್ಟೆಪಾಡಾಯಿತು.

ಹೋಟೆಲಿಗೆ ಸೇರಿದ ಮೇಲೆ ಮದುವೆ. ಹುಡುಗಿ ಅದೇ ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಅವಳ ತಮ್ಮನೂ ಅಲ್ಲೇ. ಆ ತಮ್ಮ ಒಂದು ವಿಚಿತ್ರ ಪ್ರಾಣಿ. ನೆಲಮಾಳಿಗೆಯಲ್ಲಿ ದೊಡ್ಡ ಒಗೆಯುವ ಯಂತ್ರಗಳು ಗಡಗಡ ಅನ್ನುತ್ತಿದ್ದರೆ ಇವನು ಖಾಲಿ ಸಾಬೂನು ಡಬ್ಬಗಳ ಮೇಲೆ ಅವುಗಳ ಸದ್ದಿಗೆ ಜವಾಬು ಕೊಡುತ್ತಿದ್ದ. ಹೆಣ್ಣು ನೋಡಲೆಂದು ಇಳಿದು ಹೋದ ಮೇಷ್ಟ್ರು ಹೆಣ್ಣನ್ನು ಬಿಟ್ಟು ಅವನ ಮುಂದೆ ನಿಂತುಬಿಟ್ಟರಂತೆ. "ನನ್ನನ್ನ ಕಟ್ಟಿಕೊಂಡಿದ್ದೇ ಅವನು ಜೊತೆಗೆ ಬರ್ತಾನೆ ಅಂತ" ಎಂದು ಹೆಂಡತಿ ಈಗಲೂ ಮಗಳ ಮುಂದೆ ಚುಚ್ಚುತ್ತಾಳೆ. ಮೇಷ್ಟ್ರು ಇಲ್ಲ ಅನ್ನುವುದಿಲ್ಲ.

ಭಾವಮೈದುನನಿಗೆ ಕಾಂಗಾ ಕೊಡಿಸಿದರು. ಅದು ಸೊಂಟದೆತ್ತರದ, ಒಂದೇ ಮುಖದ ಡೋಲು, ಬರಿಗೈಯಲ್ಲಿ ಬಾರಿಸಬೇಕು. ಹೋಟೆಲಿನವರು ಅವನಿಗೆ ಡೋಲಪ್ಪ ಅಂತ ಹೆಸರಿಟ್ಟರು. ಕೈ ಅಂದರೆ ಕೈ! ಆದರೆ ಡೋಲಪ್ಪನಿಗೆ ಲೆಕ್ಕ ಮಾತ್ರ ಬರುತ್ತಿರಲಿಲ್ಲ. ಪ್ರತಿ ಹಾಡಿನ ನಡುವೆ ಮೇಷ್ಟ್ರು ಒಬ್ಬರೇ ನುಡಿಸುವ ಒಂದು ಉದ್ದನೆಯ ಭಾಗ ಇರುತ್ತಿತ್ತು. ಆಗ ಡೋಲು ಸುಮ್ಮನಿದ್ದು, ಒಳಗೊಳಗೇ ಲೆಕ್ಕ ಹಾಕಿಕೊಂಡು, ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು ಕೂಡಬೇಕು. ಇವನೋ, ಭಾವನ ಕೈ ನೋಡುತ್ತ ಬಾಯಿ ಬಿಟ್ಟು ಕೂತುಬಿಡುತ್ತಿದ್ದ. ಒಮ್ಮೆ ಬೇಗ ನುಗ್ಗುತ್ತಿದ್ದ, ಒಮ್ಮೆ ಬರುವುದನ್ನೇ ಮರೆಯುತ್ತಿದ್ದ. ಒಂದು ದಿನ ತುಂಬಿದ ಹಾಲ್‌ನಲ್ಲಿ ಮಾನ ಹರಾಜಾದ ಮೇಲೆ ಮೇಷ್ಟ್ರು ತಲೆ ಚಚ್ಚಿಕೊಂಡು ಒಂದು ಉಪಾಯ ಮಾಡಿದರು.

"ನೋಡೋ, ಲೆಕ್ಕ ಗಿಕ್ಕ ಬಿಡು. ನಾನು ಮೇಲಿನ ತುದಿಯಿಂದ ಕೆಳಗಿನ ತನಕ ಜರ್ರಂತ ಹೀಗೆ ಇಳೀತೀನಿ. ಇಳಿದು ಮುಟ್ಟಿದ ತಕ್ಷಣ ನೀನು ಬಾ."

"ಜಾರುಬಂಡೆ ಥರ ಅಲ್ವಾ ಭಾವ?"

"ಹೂಂ, ಜಾರುಬಂಡೆ ಥರ."

ಬಲಗೈಯ ಐದೂ ಬೆರಳು ಒಂದರ ಮೇಲೊಂದು ಬಿದ್ದು ಹೊಳೆಯುತ್ತ ಇಳಿಯುವ ಒಂದು ಓಟ ಅದು, ಕೊನೆಯಲ್ಲಿ ಎರಡು ಗಟ್ಟಿ ಪೆಟ್ಟು. ಡೋಲಪ್ಪ ಅಂದಿನಿಂದ ಒಮ್ಮೆಯೂ ತಪ್ಪಲಿಲ್ಲ. ಇಳಿಯುವಾಗ ಮೇಷ್ಟ್ರ ಭುಜ ಮೇಲೇಳುತ್ತಿತ್ತು, ಡೋಲು ಢಮ್ಮೆಂದು ಬಂದು ಕೂಡುತ್ತಿತ್ತು, ಉಣ್ಣುತ್ತಿದ್ದವರು ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದರು.

ಹೀಗೆ ಮೂವತ್ತಕ್ಕೂ ಹೆಚ್ಚು ವರ್ಷ. ಈ ನಡುವೆ ಒಂದು ಸಣ್ಣ ಕಂಪನಿ ಅವರ ಆರೇಳು ಆಲ್ಬಮ್ ತಂದಿತು. ಹೋಟೆಲಿನ ಅಂಗಡಿಯಲ್ಲಿ ಚಪ್ಪಲಿ ಸಾಬೂನಿನ ಪಕ್ಕದಲ್ಲಿ ಅವನ್ನು ಇಡುತ್ತಿದ್ದರು. ಉಳಿದುಕೊಳ್ಳಲು ಬಂದವರು ನೆನಪಿಗೆಂದು ಒಯ್ಯುತ್ತಿದ್ದರು. ಮೇಷ್ಟ್ರು ಅವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ತಾನು ನುಡಿಸಿದ್ದನ್ನು ತಾನೇ ಕೂತು ಕೇಳುವುದು ಅವರಿಗೆ ಹೇಸಿಗೆ. "ಕನ್ನಡಿ ಮುಂದೆ ಇಟ್ಕೊಂಡು ಊಟ ಮಾಡ್ತಾರೇನ್ರೀ ಯಾರಾದ್ರೂ?" ಎನ್ನುತ್ತಿದ್ದರು. ರೆಕಾರ್ಡಿಂಗ್ ಮುಗಿದ ಕೂಡಲೇ ಕೋಟು ಹಾಕಿಕೊಂಡು ಹೊರಟುಬಿಡುವುದು ಅವರ ಪದ್ಧತಿ.

ಈಗ ಆ ಆಲ್ಬಮ್ಮುಗಳು ಯಾವುದೂ ಎಲ್ಲೂ ಸಿಗುವುದಿಲ್ಲ. ಕಂಪನಿಗೆ ಹೊಸದಾಗಿ ಬಂದ ಒಬ್ಬ ಹುಡುಗಿ ಹಳೆಯ ಟೇಪುಗಳನ್ನೆಲ್ಲ ಜಾಲಾಡಿ ಹನ್ನೆರಡು ಹಾಡು ಆರಿಸಿದ್ದಳು. ಜಾಜ್ ಪಿಯಾನೋ, ಲ್ಯಾಟಿನ್ ತಾಳ, ಮೇಷ್ಟ್ರ ಒಂದು ಜೀವಮಾನದ ಕೆಲಸ ಒಂದೇ ಸಂಕಲನದಲ್ಲಿ. "ಸರ್, ನೀವು ಒಂದ್ಸಲ ಪೂರ್ತಿ ಕೇಳಿ ಹೂಂ ಅಂದ್ರೆ ಸಾಕು. ನೀವು ಬೇಡ ಅಂದ್ರೆ ನಾವು ಮುಟ್ಟಲ್ಲ" ಅಂದಳು. ಮೇಷ್ಟ್ರಿಗೆ ವಯಸ್ಸಾಗಿತ್ತು, ಬೆರಳಿನ ಗಿಣ್ಣು ಚಳಿಗೆ ಹಿಡಿದುಕೊಳ್ಳುತ್ತಿದ್ದವು. ಹೋಟೆಲಿನ ಹಾಲ್‌ನಲ್ಲಿ ನುಡಿಸಿದ್ದು ಗಾಳಿಗೆ ಹೋಯಿತು. ಉಳಿಯುವುದಿದ್ದರೆ ಈ ಹನ್ನೆರಡು ಉಳಿಯಬೇಕು, ಇಲ್ಲವಾದರೆ ಅಂಥವನೊಬ್ಬ ಇದ್ದ ಅನ್ನುವುದಕ್ಕೂ ಗುರುತಿಲ್ಲ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಹುಡುಗಿಗೆ ಎರಡು ಮಾತೂ ಬಯ್ಯದೆ ಒಪ್ಪಿಕೊಂಡರು.

ಭಾನುವಾರ ಮಧ್ಯಾಹ್ನ ಊಟದ ನಂತರ ಮಗಳು ಸ್ಪೀಕರ್ ತಂದು ಮೇಜಿನ ಮೇಲಿಟ್ಟಳು. ಹೆಂಡತಿ ಒಗೆದ ಬಟ್ಟೆ ಮಡಿಸುತ್ತ ಕೂತಳು. ಕೆಲಸ ಬಿಟ್ಟು ಎಷ್ಟು ವರ್ಷವಾದರೂ ಅವಳ ಕೈ ಟವೆಲನ್ನು ಹೋಟೆಲಿನ ಮಡಿಕೆಯಲ್ಲೇ ಮಡಿಸುತ್ತಿತ್ತು. ಮೊದಲನೆಯ ಹಾಡು ಒಂದು ಮಾಂಬೋ. ಮೇಷ್ಟ್ರು ಕಣ್ಣು ಮುಚ್ಚಿ ಕೂತರು. ಅಡ್ಡಿಯಿಲ್ಲ, ಎಡಗೈ ಗಟ್ಟಿಯಾಗಿದೆ. ಒಬ್ಬರೇ ನುಡಿಸುವ ಭಾಗ ಬಂತು, ಚೆನ್ನಾಗಿಯೇ ಹೊರಟಿತು, ಒಂದು ಕಡೆ ತಿರುಗಿ ಇನ್ನೇನೋ ಹೇಳುವಂತೆ ಮಾಡಿತು, ಅಷ್ಟರಲ್ಲಿ ಜರ್ರ್! ಢಮ್! ಮೇಷ್ಟ್ರು ತಲೆದೂಗಿದರು.

ಎರಡನೆಯದು ಬೊಲೆರೋ, ನಿಧಾನದ್ದು. ತುಂಬ ದುಃಖದಲ್ಲಿ ಶುರುವಾಗಿ, ಮೆಲ್ಲಗೆ ಮೇಲೇರಿ, ಇನ್ನೇನು ಕಣ್ಣು ಒದ್ದೆಯಾಗಬೇಕು, ಜರ್ರ್! ಢಮ್! ಮೇಷ್ಟ್ರು ಒಂದು ಕಣ್ಣು ತೆರೆದರು. ಮೂರನೆಯದರಲ್ಲೂ ಅದೇ. ನಾಲ್ಕನೆಯದರಲ್ಲಿ ಅದು ಬರುವ ಮುಂಚೆಯೇ ಅವರು ಕಿವಿಗೆ ಕೈ ಒಯ್ದರು, ಬಂದೇ ಬಂತು. ಹೋಟೆಲಿನಲ್ಲಿ ಹಾಡು ಹಾಡಿಗೂ ಬಂದರೆ ಅದು ಬೇರೆ. ಯಾರೋ ಬಂದವರು ಕೇಳುತ್ತಾರೆ, ಉಂಡು ಹೋಗುತ್ತಾರೆ. ಆಲ್ಬಮ್ಮಿಗೊಂದು ಹಾಡು ಕೇಳಿದರೂ ತೊಂದರೆಯಿಲ್ಲ. ಬೇರೆ ಬೇರೆ ವರ್ಷದ ಹನ್ನೆರಡು ಹಾಡು ತಂದು ಒಂದರ ಬಾಲಕ್ಕೆ ಒಂದು ಕಟ್ಟಿದಾಗ ನೋಡಿ ಬಣ್ಣ ಬಯಲಾದದ್ದು. ಪ್ರತಿ ಹಾಡೂ ಏನೋ ಹೇಳಲು ಬಾಯಿ ತೆರೆಯುತ್ತಿತ್ತು, ಪ್ರತಿ ಸಲವೂ ಅದೇ ಜಾರುಬಂಡೆಯಿಂದ ಜಾರಿ ಅದೇ ಕೆಸರಿಗೆ ಬೀಳುತ್ತಿತ್ತು.

"ನಿಲ್ಸೇ ಅದನ್ನ!" ಎಂದು ಏಳನೆಯದಕ್ಕೆ ಅರಚಿದರು. "ಥೂ! ವಾಂತಿ ಬರುತ್ತೆ. ಯಾರೇ ಇವನು? ಒಂದೇ ಜೋಕನ್ನ ಹನ್ನೆರಡು ಮನೇಲಿ ಹೇಳ್ಕೊಂಡು ತಿರುಗೋ ಮುದುಕ!"

"ಅಪ್ಪ, ಅದು ನಿಮ್ಮ ಗುರುತಲ್ವಾ? ಅದು ಕೇಳಿದ್ರೆ ತಾನೇ ನೀವು ಅಂತ ಗೊತ್ತಾಗೋದು" ಎಂದಳು ಮಗಳು.

"ಗಬ್ಬು ವಾಸನೆ ಬಂದ್ರೂ ಚರಂಡಿ ಅಂತ ಗೊತ್ತಾಗುತ್ತೆ."

ಹೆಂಡತಿ ಟವೆಲಿನಿಂದ ತಲೆ ಎತ್ತಲಿಲ್ಲ. "ಅಡುಗೆಮನೆಯವರಿಗಂತೂ ಅದರಿಂದ ತುಂಬ ಅನುಕೂಲ ಆಗಿತ್ತು ಬಿಡಿ. ಜಾರುಬಂಡೆ ಆಯ್ತು, ಇನ್ನು ಹಾಡು ಮುಗೀತು, ತಟ್ಟೆ ಎತ್ತಬಹುದು ಅಂತ ಹೊರಡೋರು."

"ಏನಂದೆ?"

"ತಟ್ಟೆ ಎತ್ತೋಕೆ ಅಂದೆ. ಯಾಕೆ, ಗೊತ್ತಿರ್ಲಿಲ್ವಾ?"

ಮೇಷ್ಟ್ರ ಮೈ ಉರಿದು ಹೋಯಿತು. ತಾನು ಜೀವ ತೇದು ನುಡಿಸಿದ್ದು ಎಂಜಲು ತಟ್ಟೆ ಎತ್ತುವುದಕ್ಕೆ ಗಂಟೆ! ಎದ್ದು ಹೋಗಿ ಬಚ್ಚಲಲ್ಲಿ ಬಾಯಿ ಮುಕ್ಕಳಿಸಿ ಬಂದರು. ಎರಡು ದಿನ ಹೋಟೆಲಿನಲ್ಲಿ ಹುಷಾರಿಲ್ಲ ಎಂದು ಹೇಳಿಸಿದರು. ಹುಡುಗಿ ಫೋನು ಮಾಡಿದಾಗ, "ಆ ಓಟ ಬರೋ ಕಡೆಯೆಲ್ಲ ಕತ್ತರಿಸಿ ಬಿಸಾಕೋಕಾಗುತ್ತೇನಮ್ಮಾ?" ಎಂದು ಕೇಳಿದರು. ಅವಳು ಗಾಬರಿಯಾಗಿ, "ಸರ್, ಅದನ್ನ ತೆಗೆದ್ರೆ ಡೋಲು ಎಲ್ಲಿಂದ ಬಂತು ಅಂತಾನೇ ಗೊತ್ತಾಗಲ್ಲ, ಹಾಡು ಕುಂಟುತ್ತೆ. ಬುಧವಾರದೊಳಗೆ ಹೂಂ ಅಥವಾ ಉಹೂಂ ಹೇಳಿಬಿಡಿ, ಆಮೇಲೆ ನಮ್ಮವರು ಈ ಕೆಲಸವನ್ನೇ ಕೈಬಿಡ್ತಾರೆ" ಅಂದಳು.

ಬೇಡ ಎಂದುಬಿಡಲು ಬಾಯಿವರೆಗೆ ಬಂದಿತ್ತು. ಬೇಡ ಅಂದರೆ ಏನೂ ಉಳಿಯುವುದಿಲ್ಲ. ಹೂಂ ಅಂದರೆ ಉಳಿಯುವುದು ಈ ಹೊಲಸು. ಈ ಎರಡರ ನಡುವೆ ಒದ್ದಾಡಿ ಒದ್ದಾಡಿ ಕೊನೆಗೆ ಅವರ ಸಿಟ್ಟು ಒಂದು ದಾರಿ ಹುಡುಕಿಕೊಂಡಿತು. ಇದಕ್ಕೆಲ್ಲ ಕಾರಣ ಯಾರು? ಆ ಲೆಕ್ಕ ಬಾರದ ಮುಠ್ಠಾಳ! ಅವನಿಗಾಗಿ ಅಲ್ಲವೇ ತಾನು ಜೀವಮಾನವಿಡೀ ಮೂಗಿಗೆ ಮೂಗುದಾರ ಹಾಕಿಸಿಕೊಂಡದ್ದು? ಬುಧವಾರ ಬೆಳಿಗ್ಗೆ ಕೋಟು ತಗುಲಿಸಿಕೊಂಡು ಭಾವಮೈದುನನ ಮನೆಗೆ ಹೊರಟರು.

ಡೋಲಪ್ಪ ಎರಡು ಬೀದಿ ಆಚೆ, ಒಂದು ಕಟ್ಟಡದ ಹಿಂಭಾಗದ ಕೋಣೆಯಲ್ಲಿದ್ದ. ಒಬ್ಬಂಟಿ, ಮದುವೆಯಾಗಿರಲಿಲ್ಲ. ಕಿಟಕಿ ಬಳಿ ಕೂತು ಕಾಂಗಾದ ಚರ್ಮಕ್ಕೆ ಎಣ್ಣೆ ಸವರುತ್ತಿದ್ದ. ಅಂಗೈ ದಡ್ಡು ಕಟ್ಟಿ ಚಪ್ಪಲಿಯ ಅಟ್ಟೆಯಷ್ಟು ಗಟ್ಟಿಯಾಗಿತ್ತು.

"ಬನ್ನಿ ಭಾವ, ಕೂತ್ಕೊಳ್ಳಿ. ಅಕ್ಕ ಹೇಳಿದ್ಲು, ಹುಷಾರಿಲ್ಲವಂತೆ."

"ಕೂರೋಕೆ ಬಂದಿಲ್ಲ" ಎಂದು ಮೇಷ್ಟ್ರು ನಿಂತೇ ಶುರು ಮಾಡಿದರು. ಬಾಯಿಗೆ ಬಂದದ್ದೆಲ್ಲ ಬಂತು. ಸಾಬೂನು ಡಬ್ಬ ಬಡಿಯುತ್ತಿದ್ದವನನ್ನು ಎತ್ತಿ ತಂದದ್ದು ತಮ್ಮ ತಪ್ಪು ಎಂದರು. ಎಣಿಸಲು ಬಾರದ ಒಬ್ಬನಿಗಾಗಿ ಹನ್ನೆರಡು ಹಾಡಿನ ಕತ್ತು ಹಿಸುಕಿದೆ ಎಂದರು. "ನಿನ್ನ ದೆಸೆಯಿಂದ ನನ್ನ ಬದುಕೆಲ್ಲಾ ಒಂದೇ ಕಡೆ ಜಾರಿಬಿದ್ದು ಹೋಯ್ತಲ್ಲೋ! ಒಂದು ಲೆಕ್ಕ ಕಲಿಯೋಕೆ ಏನಾಗಿತ್ತು ನಿನಗೆ ಧಾಡಿ?"

ಡೋಲಪ್ಪ ಎಣ್ಣೆ ಕೈಯನ್ನು ಚಿಂದಿಗೆ ಒರೆಸಿಕೊಂಡ.

"ಕಲಿತಿದ್ದೆ ಭಾವ."

"ಏನು ಕಲಿತಿದ್ದೆ?"

"ಲೆಕ್ಕ. ಜಾರುಬಂಡೆ ಶುರು ಮಾಡಿದ ಮಾರನೇ ವರ್ಷಾನೇ ಬಂದುಬಿಡ್ತು. ಒಗೆಯೋ ಯಂತ್ರದ ಪಕ್ಕ ನಿಂತು ಅಭ್ಯಾಸ ಮಾಡ್ದೆ, ಅದು ಎಷ್ಟು ಸುತ್ತು ತಿರುಗುತ್ತೆ ಅಂತ. ಆಮೇಲೆ ಒಂದು ದಿನಾನೂ ತಪ್ಪಿಲ್ಲ."

ಮೇಷ್ಟ್ರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಕ್ಕರಿಸಿದರು. "ಮತ್ತೆ... ಯಾಕೋ ಹೇಳಲಿಲ್ಲ?"

"ಹೇಗೆ ಹೇಳೋದು? ನೀವು ಅದನ್ನ ನುಡಿಸುವಾಗ ಭುಜ ಎತ್ತಿ ಜನರ ಕಡೆ ಒಂದು ನೋಟ ನೋಡ್ತಿದ್ರಿ. ಎಷ್ಟು ಖುಷಿ ಇರ್ತಿತ್ತು ಮುಖದಲ್ಲಿ! ದಿನವಿಡೀ ಗಂಟು ಹಾಕ್ಕೊಂಡಿರೋ ಮುಖ ಅದೊಂದೇ ಕ್ಷಣ ಬಿಚ್ಚಿಕೊಳ್ತಿತ್ತು. ನನಗಾಗಿ ಮಾಡ್ತೀರಿ ಅಂತ ನೀವು ಅಂದ್ಕೊಂಡಿದ್ರಿ, ಇರಲಿ ಅಂತ ಬಿಟ್ಟೆ. ಆಮೇಲೆ, ಒಂದ್ಸಲ ನೀವೇ ಮರೆತಿರಿ ಕೂಡ."

"ಎಲ್ಲಿ? ಯಾವಾಗ?"

"ರೆಕಾರ್ಡಿಂಗಿನಲ್ಲಿ. ಆ ರುಂಬಾ ಇದೆಯಲ್ಲ, ಹುಡುಗಿ ಐದನೇದು ಮಾಡಿ ಹಾಕಿದಾಳಂತಲ್ಲ, ಅಕ್ಕ ಹೇಳಿದ್ಲು, ಅದೇ. ಅವತ್ತು ಮೊದಲನೇ ಸಲ ನುಡಿಸಿದಾಗ ನೀವು ಎಲ್ಲೋ ಹೋಗ್ಬಿಟ್ರಿ ಭಾವ. ಭುಜ ಇಲ್ಲ, ಜನ ಇಲ್ಲ, ಏನೂ ಇಲ್ಲ. ನನಗೆ ರೋಮ ನಿಂತುಬಿಡ್ತು. ಜಾರುಬಂಡೆ ಬರಲೇ ಇಲ್ಲ, ನಾನು ಲೆಕ್ಕದ ಮೇಲೆ ಬಂದೆ, ಸರಿಯಾಗಿಯೇ ಬಂದೆ. ನೀವು ತಟ್ಟಂತ ನಿಲ್ಲಿಸಿ, ಜಾರುಬಂಡೆ ಇಲ್ದೆ ಯಾಕೋ ನುಗ್ಗಿದೆ ಕತ್ತೆ ಅಂತ ಬೈದ್ರಿ. ಇದು ಕೆಟ್ಟುಹೋಯ್ತು, ಇನ್ನೊಂದ್ಸಲ ಹಿಡೀರಿ ಅಂತ ರೆಕಾರ್ಡಿಂಗಿನವರಿಗೆ ಹೇಳಿದ್ರಿ."

"ಆ ಮೊದಲನೇದು ಎಲ್ಲಿದೆಯೋ?" ಮೇಷ್ಟ್ರ ದನಿ ಕೆಳಗಿಳಿದಿತ್ತು.

"ಎಲ್ಲಿರುತ್ತೆ? ಟೇಪು ತಿರುಗಿಸಿ ಅದರ ಮೇಲೇ ಎರಡನೇದು ಹಿಡಿದ್ರು. ಆಗೆಲ್ಲಾ ಹಾಗೇ ಅಲ್ವಾ."

ಅದನ್ನು ಮೇಷ್ಟ್ರು ತಮ್ಮ ಕೈಯಿಂದಲೇ ಅಳಿಸಿ ಹಾಕಿಸಿದ್ದರು. ಕೆಟ್ಟದ್ದಕ್ಕೆ ಜಾಗ ಮಾಡಿಕೊಡಲು ಒಳ್ಳೆಯದನ್ನು ಒರೆಸಿ, ಕೋಟು ಹಾಕಿಕೊಂಡು ಎದೆಯುಬ್ಬಿಸಿ ಮನೆಗೆ ಹೋಗಿದ್ದರು. ಹಾಗಾದರೆ ಇಷ್ಟು ವರ್ಷ ಆ ಓಟ ಯಾರಿಗಾಗಿ? ಡೋಲಪ್ಪನಿಗೆ ಬೇಕಿರಲಿಲ್ಲ. ಉತ್ತರ ಗೊತ್ತಿತ್ತು: ಚಪ್ಪಾಳೆಗಾಗಿ, ತಮಗಾಗಿ. ಪಿಯಾನೋದ ಒಳಗೆ ಕೋಳಿ ಮೂಳೆ ಎಸೆದವನ ಮೇಲೂ ಅವರಿಗೆ ಇಷ್ಟು ಹೇಸಿಗೆ ಹುಟ್ಟಿರಲಿಲ್ಲ.

ಡೋಲಪ್ಪ ನೀರು ಕೊಟ್ಟ. ಕುಡಿದು, ಲೋಟ ಹಿಡಿದುಕೊಂಡೇ, "ಇವತ್ತು ಸಂಜೆ ನುಡಿಸೋಣ" ಅಂದರು ಮೇಷ್ಟ್ರು. "ಅದೇ ರುಂಬಾ. ಜಾರುಬಂಡೆ ಇಲ್ಲ. ನೀನು ಲೆಕ್ಕದ ಮೇಲೆ ಬಾ. ಆ ಹುಡುಗಿಗೂ ಬರೋಕೆ ಹೇಳ್ತೀನಿ. ಸರಿಹೋದ್ರೆ ಅವಳು ಇದನ್ನೇ ಹೊಸದಾಗಿ ಹಿಡಿದು ಹಾಕ್ಲಿ. ಹನ್ನೆರಡರಲ್ಲಿ ಒಂದಾದ್ರೂ ಮನುಷ್ಯ ನುಡಿಸಿದ್ದು ಇರಲಿ."

ಡೋಲಪ್ಪನ ಮುಖ ಅರಳಿತು. "ಆಗ್ಲಿ ಭಾವ, ಆಗ್ಲಿ!" ಎಂದು ಡೋಲಿನ ಮೇಲೆ ಎರಡು ಏಟು ಹಾಕಿಯೇಬಿಟ್ಟ.

ಸಂಜೆ ಊಟದ ಹಾಲ್ ಅರ್ಧ ತುಂಬಿತ್ತು. ಹುಡುಗಿ ಕಂಬದ ಪಕ್ಕದ ಮೇಜಿನಲ್ಲಿ ಕೂತು, ಮುಂದೆ ಪುಟ್ಟದೊಂದು ರೆಕಾರ್ಡಿಂಗ್ ಯಂತ್ರ ಇಟ್ಟುಕೊಂಡಿದ್ದಳು. ಮೇಷ್ಟ್ರು ಯಾವತ್ತಿನಂತೆ ಕೀ ಒರೆಸಿದರು. ರುಂಬಾ ಶುರುವಾಯಿತು. ಎಡಗೈ ತನ್ನ ಹಟ ಹಿಡಿಯಿತು, ಡೋಲಪ್ಪ ಅದರ ಸಂದಿಗಳಲ್ಲಿ ಪೆಟ್ಟು ತುಂಬಿದ, ಆಮೇಲೆ ಕೈ ಎತ್ತಿ ಸುಮ್ಮನಾದ. ಮೇಷ್ಟ್ರು ಒಬ್ಬರೇ ಹೊರಟರು.

ಹೊರಟರು ನೋಡಿ! ಇಷ್ಟು ವರ್ಷ ತಿರುಗಿದ ದಾರಿ ಬಿಟ್ಟು, ಪಕ್ಕದ ಓಣಿಗೆ ಇಳಿದು, ಅಲ್ಲಿಂದ ಇನ್ನೊಂದಕ್ಕೆ. ಗಿಣ್ಣಿನ ನೋವು ಮರೆತು ಹೋಯಿತು. ಅಪ್ಪನ ಶೆಡ್ಡಿನಲ್ಲಿ ಅರ್ಧಕ್ಕೇ ಬಿಟ್ಟು ಹೋದ ಹಾಡುಗಳೆಲ್ಲ ಒಂದೊಂದಾಗಿ ಬಂದು ಸೇರಿಕೊಂಡ ಹಾಗೆ ಬೆರಳು ಎಂದೂ ನುಡಿಸದ್ದನ್ನು ನುಡಿಸುತ್ತಿದ್ದವು. ಹುಡುಗಿ ತಿನ್ನುವುದನ್ನು ನಿಲ್ಲಿಸಿದಳು. ಡೋಲಪ್ಪ ತುಟಿ ಅಲ್ಲಾಡಿಸದೆ ಎಣಿಸುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ಭಾವನನ್ನೇ ನೋಡುತ್ತಿದ್ದ. ಇನ್ನು ಸ್ವಲ್ಪವೇ ಉಳಿದಿತ್ತು.

ಬೇಡ, ಬೇಡ ಎಂದು ಮೇಷ್ಟ್ರು ಹಲ್ಲು ಕಚ್ಚಿ ಒಳಗೇ ಹೇಳಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬಲಭುಜ ಮೇಲೆದ್ದಿತು. ಕೈ ಅವರನ್ನು ಕೇಳಲಿಲ್ಲ. ಮೇಲಿನ ತುದಿಗೆ ಹೋಯಿತು, ಜರ್ರನೆ ಇಳಿಯಿತು, ಕೊನೆಯ ಎರಡು ಪೆಟ್ಟನ್ನೂ ಬಿಡದೆ ಹಾಕಿತು. ಡೋಲಪ್ಪ ತನ್ನ ಲೆಕ್ಕದ ಮೇಲೆ ಸರಿಯಾಗಿ ಬಂದ, ಆದರೆ ತಲೆ ಬಗ್ಗಿಸಿಕೊಂಡು ಬಂದ. ಇಡೀ ಹಾಲ್ ಚಪ್ಪಾಳೆ ತಟ್ಟಿತು. ಮಾಣಿಗಳು ತಟ್ಟೆ ಎತ್ತಲು ಹೊರಟರು. ಚಪ್ಪಾಳೆ ಬಿದ್ದ ಕೂಡಲೇ ತಮ್ಮ ಮುಖ ಅರಳಿದ್ದು ಮೇಷ್ಟ್ರಿಗೇ ಗೊತ್ತಾಯಿತು, ತಡೆಯಲಾಗಲಿಲ್ಲ.

ಹಾಡು ಮುಗಿಸಿ ಎದ್ದು ಕಂಬದ ಹತ್ತಿರ ಹೋದರು. ಕೋಟಿನ ಬೆನ್ನು ಒದ್ದೆಯಾಗಿತ್ತು. ಹುಡುಗಿ ಇನ್ನೂ ಚಪ್ಪಾಳೆ ತಟ್ಟುತ್ತಿದ್ದಳು.

"ಎಷ್ಟು ಚೆನ್ನಾಗಿತ್ತು ಸರ್! ಆ ಕೊನೆಯ ಓಟ ಅಂತೂ! ಅದನ್ನ ಯಾಕೆ ಸರ್ ತೆಗೀಬೇಕು ಅಂತಿದ್ರಿ?"

"ಅದು ಹೋಗಲ್ಲಮ್ಮ" ಎಂದರು ಮೇಷ್ಟ್ರು. "ಹಾಕು. ಹಳೇ ಹನ್ನೆರಡನ್ನೂ ಹಾಗೇ ಹಾಕು. ಏನೂ ಕತ್ತರಿಸಬೇಡ."

ಹುಡುಗಿ ಖುಷಿಯಿಂದ ಕೈ ಮುಗಿದಳು. "ಥ್ಯಾಂಕ್ಸ್ ಸರ್! ಮೊದಲನೇದಾಗಿ ಯಾವ ಹಾಡು ಇರಲಿ ಸರ್? ಅದನ್ನ ನೀವೇ ಹೇಳಬೇಕು."

ಮೇಷ್ಟ್ರು ಬಲಗೈಯನ್ನು ಬಿಳಿ ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದರು.

"ಯಾವುದಾದ್ರೂ ಹಾಕಮ್ಮ" ಅಂದರು. "ಎಲ್ಲಾ ಒಂದೇ."